ಸೀಟಿಗೆ ತಿರುಗದ ಬೀರಯ್ಯ

ತೆಲಂಗಾಣದ ಮಕ್ತಲ್ ಸೀಮೆಯಲ್ಲಿ ಕೃಷ್ಣೆಯ ದಂಡೆಗೆ ಅಂಟಿಕೊಂಡಿರುವ ಆ ಊರಿನ ಹೊಳೆಕಟ್ಟೆಯ ಮೇಲೆ ಒಂದು ಬೇವಿನ ಮರವಿದೆ. ಆ ಮರದ ಕೊಂಬೆಗಳಲ್ಲಿ ಹನ್ನೆರಡು ಕೇಸರಿ ಬಣ್ಣದ ಲೈಫ್ ಜಾಕೆಟುಗಳು ಒಂದು ತಿಂಗಳಿಂದ ತೂಗಾಡುತ್ತಿದ್ದವು. ನಡುಗಡ್ಡೆಯ ಹೊಲಗಳಲ್ಲಿ ಕಳೆ ಕೀಳಲು ಹೋಗುವ ಹೆಂಗಸರು ದಿನವೂ ಭೀಮಯ್ಯನ ಪುಟ್ಟಿಯಲ್ಲಿ, ಅಂದರೆ ಬಿದಿರು ಹೆಣೆದು ಡಾಂಬರು ಬಳಿದ ದುಂಡು ದೋಣಿಯಲ್ಲಿ, ಹೊಳೆ ದಾಟುತ್ತಿದ್ದರು. ಜಾಕೆಟುಗಳು ಬಂದದ್ದು ಅವರಿಗಾಗಿಯೇ. ಆದರೆ ಅವರಲ್ಲಿ ಒಬ್ಬರೂ ಅವನ್ನು ಮೈಗೆ ಏರಿಸಿರಲಿಲ್ಲ. ಒಂದು ಜಾಕೆಟಿನ ಮಡಿಕೆಯಲ್ಲಂತೂ ಗುಬ್ಬಿಯೊಂದು ಗೂಡು ಕಟ್ಟಿ ಮೊಟ್ಟೆಯನ್ನೂ ಇಟ್ಟಿತ್ತು.

ಅಂದು ಬೆಳಗ್ಗೆ ಆಶಾ ಕಾರ್ಯಕರ್ತೆ ರಜಿತಾ ಪುಟ್ಟಿಗೆ ಅಡ್ಡಲಾಗಿ ನಿಂತಳು.

“ಅಕ್ಕಾರೆ, ಹಾಕ್ಕೊಂಡು ಹತ್ರಿ. ಮ್ಯಾಲೆ ಮಳಿ ಬಿದ್ದೈತಿ, ಸೆಳವು ಏರೈತಿ.”

“ಹುಟ್ಟಿದಾಗಿಂದ ಈ ಹೊಳ್ಯಾಗ ಅದೀನಿ ಬಿಡ ರಜಿತಾ,” ಎಂದಳು ಕುರುಮಮ್ಮ. ಕಳೆ ಕೀಳುವವರ ಗುಂಪಿಗೆ ಅವಳೇ ಹಿರಿಯಳು, ಅವಳದೇ ಮಾತು. “ಅದನ್ನ ಹಾಕ್ಕೊಂಡ್ರ ಹೊಲದಾಗಿನ ಬೆದರುಗೊಂಬಿ ಆಗ್ತೀನಿ ನೋಡು. ಹಕ್ಕಿ ಎಲ್ಲಾ ಹೆದರಿ ಗದ್ವಾಲಕ್ಕ ಹಾರಿ ಹೋಗ್ತಾವ!”

“ಈಗೂ ಹಾರತಾವ ಬಿಡಬೇ, ನಿನ್ನ ಬಾಯಿಗೆ!” ಎಂದಿತು ಹಿಂದಿನಿಂದ ಒಂದು ದನಿ. ಎಲ್ಲರೂ ನಕ್ಕರು.

ರಜಿತಾ ನಗಲಿಲ್ಲ. “ಜೀವ ಹೋದ ಮ್ಯಾಲೆ ಯಾರು ನಗಬೇಕ್ರಿ?”

“ಯಾರ ಜೀವ? ನಮ್ಮ ಬೀರಣ್ಣ ಸಮುದ್ರದಾಗ ಜಾಕೀಟು ಬಿಚ್ಚಿ ಒಗದು, ಮುಳಗೋ ಹೆಂಡ್ತಿನ ಎತ್ಕೊಂಡು ಬಂದ. ಸಮುದ್ರಾನ! ಅದರ ಮುಂದ ಈ ಹೊಳಿ ಏನ್ ಲೆಕ್ಕ? ಹೌದಲ್ಲೋ ಬೀರಣ್ಣಾ?”

ಬೀರಯ್ಯ ಮರದ ಆಚೆ ಬದಿಯಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಅರವತ್ತರ ಹತ್ತಿರದ ಆಳು. ಹೆಗಲ ಮೇಲೆ ಕರಿ ಕಂಬಳಿ, ಮುಖದ ಮೇಲೆ ಸುತ್ತ ಹತ್ತು ಊರಿಗೆ ಗುರುತಿದ್ದ ಮೀಸೆ. ಕುರುಮಮ್ಮನ ಮಾತು ಕಿವಿಗೆ ಬಿದ್ದಾಗ ಅವನು ತಲೆ ಎತ್ತಲಿಲ್ಲ. ಮರಿಯೊಂದರ ಕಾಲಿನಲ್ಲಿ ಇಲ್ಲದ ಮುಳ್ಳನ್ನು ಹುಡುಕತೊಡಗಿದ. ಆ ಕಥೆಯನ್ನು ಊರಿಗೆ ಹೇಳಿದವನು ಅವನೇ. ಅದು ಸುಳ್ಳೆಂದು ಬಲ್ಲವರು ಊರಿನಲ್ಲಿ ಇಬ್ಬರೇ: ಅವನು, ಮತ್ತು ಬುತ್ತಿಯ ಗಂಟು ಹಿಡಿದು ಪುಟ್ಟಿಯ ಬಳಿ ನಿಂತಿದ್ದ ಅವನ ಹೆಂಡತಿ ಬಾಲಮ್ಮ.

ನಡೆದದ್ದು ಹೀಗೆ.

ತೆಲಂಗಾಣ ರಾಜ್ಯವಾದ ಎಂಟನೆಯ ವರ್ಷದ ಚಳಿಗಾಲ. ಮಗ ಬಾಲರಾಜ್ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ದೋಣಿಕಟ್ಟೆ ಕಟ್ಟುವ ಮೇಸ್ತ್ರಿಯಾಗಿದ್ದ. ಈ ಊರನ್ನೂ ಒಳಗೊಂಡ ಪಾಲಮೂರು ಸೀಮೆಯ ಕೂಲಿಗಳ ಕೈಗಳು ದೇಶದಲ್ಲಿ ಎಲ್ಲಿ ತಾನೆ ಕಲ್ಲು ಹೊತ್ತಿಲ್ಲ? ತಾಯಿತಂದೆಗೆ ಸಮುದ್ರ ತೋರಿಸಬೇಕೆಂದು ಅವನು ಕರೆಸಿಕೊಂಡ. ಒಂದು ದಿನ ಅವರನ್ನು ಸಣ್ಣ ದ್ವೀಪವೊಂದಕ್ಕೆ ಕರೆದೊಯ್ದ. ಅಲ್ಲಿ ಕಣ್ಣಿಗೆ ಗಾಜಿನ ಮುಖವಾಡ, ಬಾಯಿಗೆ ಉಸಿರಿನ ಕೊಳವೆ ತೊಟ್ಟು, ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿನ ಹವಳವನ್ನೂ ಮೀನುಗಳನ್ನೂ ನೋಡುತ್ತಾರೆ. ಕರೆದೊಯ್ಯಲು ಒಬ್ಬ ಮಾರ್ಗದರ್ಶಿ ಇರುತ್ತಾರೆ.

ಇವರ ಮಾರ್ಗದರ್ಶಿಯ ಹೆಸರು ಮೌನಿಕಾ. ಅಜ್ಜನ ಕಾಲದಲ್ಲೇ ಶ್ರೀಕಾಕುಳಂ ಕಡೆಯಿಂದ ಹೋಗಿ ನೆಲೆಸಿದ ಬೆಸ್ತರ ಮನೆಯ ಮಗಳು, ಇಪ್ಪತ್ತೈದರೊಳಗಿನ ಪ್ರಾಯ. ಅವಳ ತೆಲುಗು ಬೀರಯ್ಯನಿಗೆ ಸಲೀಸಾಗಿ ತಿಳಿಯುತ್ತಿತ್ತು. ತಿಳಿಯಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶವೂ ಅವನಿಗೆ ಉಳಿಯಲಿಲ್ಲ.

“ಪೆದ್ದಯ್ಯಾ, ಮೀಸೆಗೆ ಸ್ವಲ್ಪ ವ್ಯಾಸಲೀನು ಹಚ್ಚಿಕೊಳ್ಳಿ,” ಎಂದಳು ಅವಳು, ತೆಲುಗಿನಲ್ಲಿ ದೊಡ್ಡಪ್ಪನೆಂದು ಕರೆದು. “ಮೀಸೆ ಇದ್ದವರಿಗೆ ಮುಖವಾಡ ಸರಿಯಾಗಿ ಕೂರುವುದಿಲ್ಲ; ಸಂದಿನಲ್ಲಿ ನೀರು ನುಗ್ಗುತ್ತದೆ.”

“ಮೀಸಿಗೆ ಜಿಡ್ಡು ಬಳಕೊಳ್ಳಾಕ ನಾನೇನು ಮದುಮಗನಾ?” ಎಂದು ಬೀರಯ್ಯ ಮಗನ ಕಡೆ ಕಣ್ಣು ಹೊಡೆದ.

ಮೌನಿಕಾ ನಕ್ಕು, ಮುಂದಿನ ಮಾತನ್ನು ನಗದೆ ಹೇಳಿದಳು. ಎಲ್ಲರೂ ಒಂದೇ ತೇಲುಬಳೆಯನ್ನು, ಅಂದರೆ ನೀರಿನ ಮೇಲೆ ತೇಲುವ ದೊಡ್ಡ ಉಂಗುರವನ್ನು, ಹಿಡಿದಿರಬೇಕು. ಹವಳದ ಮೇಲೆ ಕಾಲೂರಬಾರದು. ಅದು ಕಲ್ಲಲ್ಲ, ಜೀವ. ಕೊರಳಲ್ಲಿದ್ದ ಸೀಟಿಯನ್ನು ತೋರಿಸಿ ಅವಳೆಂದಳು: “ಒಂದು ಊದಿದರೆ ನನ್ನ ಕಡೆ ನೋಡಿ. ಎರಡು ಊದಿದರೆ, ಏನು ನೋಡುತ್ತಿದ್ದರೂ ಬಿಟ್ಟು ನನ್ನ ಬಳಿ ಬನ್ನಿ.”

ಬೀರಯ್ಯನಿಗೆ ಇದು ಚುಚ್ಚಿತು. ಉಣ್ಣೆ ಕತ್ತರಿಸುವ ಮುಂಚೆ ವರ್ಷ ವರ್ಷವೂ ಕೊರಳಮಟ್ಟದ ಹೊಳೆಯಲ್ಲಿ ನಿಂತು ಇನ್ನೂರು ಕುರಿ ತೊಳೆದವನು ಅವನು. ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರೆ ಅರ್ಧ ಹರಿದಾರಿ ದೂರದ ಹಿಂಡು ಮೇವು ಬಿಟ್ಟು ತಿರುಗುತ್ತಿತ್ತು. ಸೀಟಿ ಹೊಡೆಯುವುದು ಅವನ ಕಸುಬು. ಸೀಟಿಗೆ ತಿರುಗುವುದು ಕುರಿಗಳ ಕೆಲಸ.

ಜಾಕೆಟು ತೊಡುವಾಗ ಇನ್ನೊಂದು ಮಾತಾಯಿತು. ಎದೆಯ ಮೇಲೆ ಮೂರು ಪಟ್ಟಿ. ನಾಲ್ಕನೆಯದು ತೊಡೆಗಳ ನಡುವೆ ಹಾದು ಮುಂದೆ ಸಿಕ್ಕಿಸುವಂಥದು. ನಾರಾಯಣಪೇಟೆಯ ಸೀರೆಯನ್ನು ದಡದಲ್ಲಿ ಮಡಿಸಿಟ್ಟು, ಅವರು ಕೊಟ್ಟ ಪೈಜಾಮ ತೊಟ್ಟದ್ದಕ್ಕೇ ಬಾಲಮ್ಮ ಮುದುಡಿಹೋಗಿದ್ದಳು. ಮೌನಿಕಾ ಆ ನಾಲ್ಕನೆಯ ಪಟ್ಟಿಯನ್ನೂ ಸಿಕ್ಕಿಸಿ ಆ ಕಡೆ ತಿರುಗಿದಳು. ಬಾಲಮ್ಮ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು: “ಮಗನ ಮುಂದ ಹ್ಯಾಂಗ ನಿಲ್ಲಲಿ? ನಾಚಿಕಿ ಆಗ್ತೈತಿ.”

“ಬಿಚ್ಚಿ ಬಿಡು ಅದನ್ನ. ನಾ ಅದೀನಲ್ಲ,” ಎಂದ ಬೀರಯ್ಯ. ತನ್ನದನ್ನೂ ಬಿಚ್ಚಿದ, ಸಾಲದೆಂದು ಎದೆಯ ಪಟ್ಟಿಗಳನ್ನೂ ಸಡಿಲಿಸಿದ.

ಅರ್ಧ ಗಂಟೆ ಎಲ್ಲವೂ ಚೆನ್ನಾಗಿಯೇ ಇತ್ತು. ಬಾಲಮ್ಮ ತಲೆ ಎತ್ತಿದಾಗಲೆಲ್ಲ “ಅಯ್ಯಯ್ಯ, ಅರಿಶಿಣದಂಥ ಮೀನ ನೋಡ್ರಿ!” ಎಂದು ಕೂಗಿ, ಉಪ್ಪುನೀರು ಕುಡಿದು, ಮತ್ತೆ ಮುಖ ತಗ್ಗಿಸುತ್ತಿದ್ದಳು. ಆಗ ಬೀರಯ್ಯನ ಕೆಳಗೆ ಒಂದು ಮೀನುಹಿಂಡು ಬಂದಿತು. ಸಾವಿರಗಟ್ಟಲೆ ಬೆಳ್ಳಿಬಣ್ಣದ ಮೀನುಗಳು ಒಮ್ಮೆಲೇ ಎಡಕ್ಕೆ, ಒಮ್ಮೆಲೇ ಬಲಕ್ಕೆ ತಿರುಗುತ್ತಿದ್ದವು. ಕುರಿಗಾರನ ಕಣ್ಣು ಮುಂದಾಳನ್ನು ಹುಡುಕಿತು. ಗಂಟೆ ಕಟ್ಟಿದ ಟಗರಿಲ್ಲದೆ ಇಷ್ಟು ದೊಡ್ಡ ಹಿಂಡು ನಡೆಯುವುದುಂಟೆ? ಅದನ್ನು ಕಂಡೇ ತೀರುವೆನೆಂದು ಅವನು ತೇಲುಬಳೆ ಬಿಟ್ಟ; ಬಾಲಮ್ಮನ ಕೈ ಹಿಡಿದು ಅವಳನ್ನೂ ಸೆಳೆದುಕೊಂಡು ಹಿಂಡಿನ ಬೆನ್ನು ಹತ್ತಿದ.

ಎರಡು ಸೀಟಿ ಕೇಳಿಸಿದವು, ಸ್ಪಷ್ಟವಾಗಿಯೇ ಕೇಳಿಸಿದವು. ಮತ್ತೆ ಎರಡು. ‘ಈ ಹುಡುಗಿ ಊದಿದರ ತಿರಗಾಕ ನಾನೇನು ಕುರಿಯಾ?’ ಎಂದುಕೊಂಡು ಅವನು ಇನ್ನೂ ಹತ್ತು ಮಾರು ಮುಂದೆ ಹೋದ.

ಹೊಳೆಯ ಸೆಳವು ಕಣ್ಣಿಗೆ ಕಾಣುತ್ತದೆ; ಸಮುದ್ರದ್ದು ಕಾಣುವುದಿಲ್ಲ. ಮೀಸೆಯ ಸಂದಿನಿಂದ ಮುಖವಾಡದೊಳಗೆ ನೀರು ನುಗ್ಗಿತು. ಕಣ್ಣು ಉರಿದವು, ಕೊಳವೆಯಿಂದ ಬಾಯಿಗೆ ಉಪ್ಪು ಬಂತು. ಅವನು ಹವಳದ ಮೇಲೆ ಕಾಲೂರಿದ. ಅದು ಮಟಮಟನೆ ಮುರಿದು ಅಂಗಾಲನ್ನು ಸೀಳಿತು. ಸಡಿಲವಾಗಿದ್ದ ಜಾಕೆಟು ಗಂಟಲಿಗೇರಿತು. ಆ ಗಳಿಗೆಯಲ್ಲಿ, ಮುಂದೆ ಆರು ತಿಂಗಳು ಅವನ ಅನ್ನವನ್ನು ಕಹಿ ಮಾಡಿದ ಆ ಗಳಿಗೆಯಲ್ಲಿ, ಬೀರಯ್ಯ ಕೈಗೆ ಸಿಕ್ಕ ಆಸರೆಯನ್ನು ಹಿಡಿದು ಕೆಳಕ್ಕೊತ್ತಿ ತಾನು ಮೇಲೆ ಬಂದ. ಆ ಆಸರೆ ಬಾಲಮ್ಮನ ಹೆಗಲಾಗಿತ್ತು.

ಅವಳ ಜಾಕೆಟು ತಲೆಯ ಮೇಲೆ ಜಾರಿ ಮುಖ ಮುಚ್ಚಿತು. ಅವಳು ಒದೆಯುತ್ತಿದ್ದುದು ಅವನಿಗೆ ತಿಳಿಯುತ್ತಿತ್ತು. ಆದರೂ ಅವನ ಕೈ ಬಿಡಲಿಲ್ಲ.

ಬಿಡಿಸಿದವಳು ಮೌನಿಕಾ. ಮೀನಿನಂತೆ ಬಂದು ಮೊದಲು ಬಾಲಮ್ಮನನ್ನು ಬಳೆಗೆ ಸಿಕ್ಕಿಸಿದಳು, ಆಮೇಲೆ ಅವನನ್ನು ಹಿಂದಿನಿಂದ ಹಿಡಿದು ಎಳೆದು ತಂದಳು. ದೋಣಿಯಲ್ಲಿ ಬಾಲಮ್ಮ ಬಹಳ ಹೊತ್ತು ನೀರು ಕಾರಿದಳು. ಬಾಲರಾಜ್ ತಾಯಿಯ ಬೆನ್ನು ಸವರುತ್ತ ತಂದೆಯ ಮುಖ ನೋಡದೆ ಕುಳಿತ. ಮೌನಿಕಾ ಬೈಯಬಹುದಿತ್ತು. ಅವಳು ಬೀರಯ್ಯನ ಅಂಗಾಲಿಗೆ ಔಷಧ ಹಚ್ಚುತ್ತ, “ತಪ್ಪು ನನ್ನದೂ ಹೌದು ಪೆದ್ದಯ್ಯಾ. ನೀರಿಗಿಳಿಯುವ ಮುಂಚೆ ಪಟ್ಟಿಗಳನ್ನು ಇನ್ನೊಮ್ಮೆ ನೋಡಬೇಕಿತ್ತು,” ಎಂದಳಷ್ಟೆ. ಅವಳ ತೋಳಿನ ಮೇಲೆ ಅವನ ಉಗುರಿನ ಗೀರುಗಳು ಕೆಂಪಗಿದ್ದವು.

ಊರಿಗೆ ಬಂದ ದಿನ ಅಂಗಾಲಿನ ಗಾಯವನ್ನು ಜನ ಕೇಳಿದರು. ನಿಜ ಹೇಳಲು ಅವನ ನಾಲಿಗೆ ಏಳಲಿಲ್ಲ. ಏಳಲಾರದ ನಾಲಿಗೆಯೇ ಕಥೆ ಕಟ್ಟಿತು. ಬಾಲಮ್ಮ ಒಲೆಯ ಮುಂದೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಂದಿನಿಂದ ಅವಳು ಹೊಳೆಯಲ್ಲಿ ಕೊಡ ತುಂಬುವಾಗಲೂ ಮೊಣಕಾಲು ಮುಳುಗುವಷ್ಟು ಇಳಿಯುತ್ತಿರಲಿಲ್ಲ.

ಈಗ ಕಟ್ಟೆಯ ಮೇಲೆ ರಜಿತಾ ಕೇಳುತ್ತಿದ್ದಳು: “ಬಾಲಮ್ಮತ್ತೀ, ನೀವು ಸಮುದ್ರ ಕಂಡಾಕಿ. ನೀವರ ಹೇಳ್ರಿ.”

ಬಾಲಮ್ಮ ಮರದ ಬಳಿ ಬಂದಳು. ಅವಳ ಕೈ ಒಂದು ಜಾಕೆಟಿನವರೆಗೆ ಹೋಗಿ, ಅದರ ಪಟ್ಟಿಯನ್ನು ಬೆರಳಲ್ಲಿ ತಿರುವಿತು. ಆಮೇಲೆ ಅವಳು ಗಂಡನ ಕಡೆ ನೋಡಿದಳು. ತಾನು ಅದನ್ನು ತೊಟ್ಟರೆ ಊರು ಏಕೆಂದು ಕೇಳುತ್ತದೆ. ಕೇಳಿದರೆ ಅವನ ಮಾನ ಹೋಗುತ್ತದೆ. ಅವಳು ಕೈ ಹಿಂದೆಗೆದು, ಜಾಕೆಟಿಲ್ಲದೆಯೇ ಪುಟ್ಟಿಯ ಅಂಚಿಗೆ ಕಾಲಿಟ್ಟಳು. ಪುಟ್ಟಿ ಅಲುಗಿದೊಡನೆ ಅವಳು ಪಕ್ಕದವಳ ತೋಳನ್ನು ಬಿಗಿಯಾಗಿ ಹಿಡಿದದ್ದನ್ನು ಬೀರಯ್ಯ ಕಂಡ.

ಒಮ್ಮೆ ಅವಳ ಹೆಗಲ ಮೇಲೆ ಏರಿ ಉಸಿರು ಎಳೆದುಕೊಂಡಿದ್ದೇನೆ. ಈಗ ಮತ್ತೆ ಅದನ್ನೇ ಮಾಡುತ್ತಿದ್ದೇನೆ. ಈ ಮಾತು ಅವನ ಎದೆಯಲ್ಲಿ ಕಲ್ಲಿನಂತೆ ಬಿತ್ತು.

ಅವನು ಎರಡು ಬೆರಳು ಬಾಯಿಗಿಟ್ಟು ಎರಡು ಸೀಟಿ ಹೊಡೆದ. ಕುರಿಗಳು ತಲೆ ಎತ್ತಿದವು. ಹೆಂಗಸರೂ ತಿರುಗಿದರು.

“ಇಳಿ ಬಾಲಮ್ಮಾ,” ಎಂದ. “ಕುರುಮಮ್ಮಾ, ನಾ ಯಾರನ್ನೂ ಎತ್ಕೊಂಡು ಬಂದಿಲ್ಲವಾ. ನಾನಽ ಈಕಿನ ಮುಳುಗಿಸಿದೆ. ಪಟ್ಟಿ ಬಿಚ್ಚಸಿದಾಂವ ನಾನು. ಸೀಟಿ ಊದಿದ್ರ ತಿರಗಲಾರದಾಂವ ನಾನು. ಸಾಯೋ ಹೊತ್ತಿನಾಗ ಈಕಿನ ಕೆಳಗ ಒತ್ತಿ ನಾ ಉಸಿರು ತಗೊಂಡೆ. ನಮ್ಮಿಬ್ಬರನ್ನೂ ಉಳಿಸಿದ್ದು ಒಂದು ಹುಡುಗಿ, ನನ್ನ ಮಗಳ ವಯಸ್ಸಿನಾಕಿ.”

ಬಾಲಮ್ಮ ಪುಟ್ಟಿಯಿಂದ ಇಳಿದಳು.

“ಅಂದ್ರ ಆರು ತಿಂಗಳಿಂದ ನಮಗ ಕಥಿ ಹೇಳಿದೇನಪ್ಪಾ?” ಎಂದಳು ಕುರುಮಮ್ಮ.

“ಹೌದವಾ. ನಾಚಿಕಿ ಮುಚ್ಚಾಕ ಹೇಳ್ದೆ. ಈಗ ನನ್ನ ಸುಳ್ಳ ನಂಬಿ ನೀವು ಜಾಕೀಟಿಲ್ದ ಹತ್ತತೀರಿ. ನಿಮ್ಮಾಗ ಒಬ್ಬಾಕಿ ಹೋದ್ರೂ ಆ ಪಾಪ ನಂದು.”

ಕುರುಮಮ್ಮ ಪುಟ್ಟಿಯ ಬಳಿಯಿಂದ ತಿರುಗಿ ನಡೆದಳು. ಮರದಿಂದ ಒಂದು ಜಾಕೆಟು ಎಳೆದುಕೊಂಡು, “ಕಟ್ಟು ರಜಿತಾ. ಬೆದರುಗೊಂಬಿ ಆದ್ರ ಆಗಲಿ, ಹೆಣ ಆಗೋದು ಬ್ಯಾಡ,” ಎಂದಳು. ಉಳಿದವರ ಕೈಗಳೂ ಕೊಂಬೆಗೆ ಹೋದವು. ಗುಬ್ಬಿಯ ಗೂಡಿದ್ದ ಜಾಕೆಟನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕೊನೆಗೆ ಭೀಮಯ್ಯನೂ ಒಂದನ್ನು ತೊಟ್ಟು, ಜಾಕೆಟು ಇಲ್ಲದವರನ್ನು ಇನ್ನು ಮುಂದೆ ಹತ್ತಿಸುವುದಿಲ್ಲವೆಂದ.

ಬಾಲಮ್ಮನ ಜಾಕೆಟಿನ ಪಟ್ಟಿಗಳನ್ನು ಬೀರಯ್ಯನೇ ಸಿಕ್ಕಿಸಿದ. ಎದೆಯ ಮೂರನ್ನು ಬಿಗಿದು, ನಾಲ್ಕನೆಯದಕ್ಕಾಗಿ ಊರ ಹೆಂಗಸರೆಲ್ಲರ ಎದುರು ನೆಲಕ್ಕೆ ಮೊಣಕಾಲೂರಿದ. ಅವಳು ಸೀರೆಯನ್ನು ಕಚ್ಚೆಗೆ ಎತ್ತಿ ಕಟ್ಟಿ ನಿಂತಳು. ಅವನು ತಲೆ ಎತ್ತಲಿಲ್ಲ.

“ಸಡ್ಲ ಐತಿ,” ಎಂದಳು ಬಾಲಮ್ಮ ಮೆಲ್ಲಗೆ. “ಇನ್ನೊಂದೀಟು ಬಿಗಿ.”

ಅವನು ಬಿಗಿದ.

ಓದುವ ತಾಯಂದಿರೇ, ಅಣ್ಣಂದಿರೇ, ನೀರು ನಿಮ್ಮ ವಯಸ್ಸನ್ನೂ ಮೀಸೆಯನ್ನೂ ಕೇಳುವುದಿಲ್ಲ. ದೂರದ ದ್ವೀಪದಲ್ಲಿ ಮೀನು ನೋಡಲು ಇಳಿದರೂ ಸರಿ, ನಿಮ್ಮೂರ ಹೊಳೆಯನ್ನು ಪುಟ್ಟಿಯಲ್ಲಿ ದಾಟಿದರೂ ಸರಿ, ಜಾಕೆಟು ತೊಟ್ಟು ತೊಡೆಯ ಪಟ್ಟಿಯವರೆಗೆ ಎಲ್ಲವನ್ನೂ ಬಿಗಿಯಿರಿ; ಆ ಪಟ್ಟಿಗೆ ನಾಚಬೇಡಿ. ಕರೆದೊಯ್ಯುವವರು ಕಿರಿಯರಾದರೂ ಹೆಣ್ಣುಮಕ್ಕಳಾದರೂ ನೀರಿನ ಮೇಲೆ ಅವರೇ ಹಿರಿಯರು. ನಿಮಗೆ ಉಬ್ಬಸವೋ ಎದೆನೋವೋ ಇದ್ದರೆ ಅವರಿಂದ ಮುಚ್ಚಿಡಬೇಡಿ, ಹಿಡಿದ ಬಳೆಯನ್ನು ಬಿಡಬೇಡಿ, ಹವಳದ ಮೇಲೆ ಕಾಲಿಡಬೇಡಿ, ಅವರು ಸೀಟಿ ಊದಿದರೆ ತಿರುಗಿ ಬನ್ನಿ. ಹಿಂದೆ ಎಂದಾದರೂ ತಪ್ಪಿದ್ದರೆ ಅದನ್ನು ನಿಮ್ಮವರ ಮುಂದೆ ಬಾಯಿಬಿಟ್ಟು ಹೇಳಿ. ಹೇಳುವಾಗ ತಲೆ ತಗ್ಗುತ್ತದೆ, ನಿಜ. ಆದರೆ ಅಂದು ತಗ್ಗಿದ ಆ ಒಂದು ತಲೆಯಿಂದ ಒಂದು ಪುಟ್ಟಿಯ ತುಂಬ ಹೆಂಗಸರು ಸಂಜೆಗೆ ಸುರಕ್ಷಿತವಾಗಿ ಮನೆಗೆ ಬಂದರು. ನಾಳೆ ನೀವು ನೀರಿಗೆ ಇಳಿಯುವ ಮುಂಚೆ, ನಿಮ್ಮ ಪಕ್ಕದಲ್ಲಿ ನಿಂತವರ ಪಟ್ಟಿಯನ್ನೊಮ್ಮೆ ಎಳೆದು ನೋಡಿ.