ಮೂರನೆಯ ಹಕ್ಕಿನ ಚಾವಿ

ನಾಸಿಕದಲ್ಲಿ ಬೀಗಗಳಿಗೆ ಬರವಿಲ್ಲ. ಆದರೆ ಖೈರನಾರ್ ಸರ್ ತಮ್ಮ ಸರಕಾರಿ ಪ್ರೌಢಶಾಲೆಯ ಹುಡುಗಿಯರ ಶೌಚಾಲಯಕ್ಕೆ ಹಾಕಿಸಿದ್ದ ಬೀಗದ ಮುಂದೆ ಚಿನ್ನದಂಗಡಿಯ ಬೀಗಗಳೂ ಮಕ್ಕಳ ಆಟಿಕೆ. ಸುಲಿಯದ ತೆಂಗಿನಕಾಯಿಯಷ್ಟು ಗಾತ್ರ. ದೌಲತಾಬಾದ್ ಕೋಟೆಗೆ ಅಂಥದೊಂದು ಸಿಕ್ಕಿದ್ದರೆ ಒಬ್ಬ ಸುಲ್ತಾನನೂ ಒಳಗೆ ಕಾಲಿಡುತ್ತಿರಲಿಲ್ಲ, ಇತಿಹಾಸದ ಪುಸ್ತಕದಲ್ಲಿ ನಾಲ್ಕು ಪಾಠ ಕಡಿಮೆಯಾಗುತ್ತಿತ್ತು.

ಬೀಗಕ್ಕೆ ಒಂದೇ ಚಾವಿ. ಆ ಚಾವಿ ಮುಖ್ಯಾಧ್ಯಾಪಕ ಖೈರನಾರ್ ಸರ್ ಅವರ ಜೇಬಿನಲ್ಲಿ. ಕಾರಣವೂ ಘನವಾದದ್ದೇ: ಶಾಲೆ ಆ ವರ್ಷ ‘ಆದರ್ಶ ಶಾಲೆ’ ಸ್ಪರ್ಧೆಗೆ ನಿಂತಿತ್ತು. ಗೇಟಿನೊಳಗೆ ಕಾಲಿಟ್ಟರೆ ಆನೆ ಮಲಗುವಷ್ಟು ಅಗಲದ ಫಲಕ. ಎಡಕ್ಕೆ ವಿದ್ಯಾರ್ಥಿಗಳ ಹಕ್ಕುಗಳು, ಒಟ್ಟು ಐದು. ಬಲಕ್ಕೆ ಜವಾಬ್ದಾರಿಗಳು, ಒಟ್ಟು ನಲವತ್ತೊಂದು. ಮೂರನೆಯ ಹಕ್ಕು ‘ಸ್ವಚ್ಛ ಶೌಚಾಲಯ’. ಹದಿನೇಳನೆಯ ಜವಾಬ್ದಾರಿ ‘ಅದನ್ನು ಸ್ವಚ್ಛವಾಗಿಡುವುದು’.

“ಬಳಸಿದರೆ ಸ್ವಚ್ಛ ಉಳಿಯುತ್ತದೆಯೇ?” ಎಂದು ಸರ್ ಪ್ರಾರ್ಥನೆಯ ಹೊತ್ತಿನಲ್ಲಿ ಕೇಳಿದ್ದರು. ಆ ತರ್ಕಕ್ಕೆ ಕಾಶಿಯ ಪಂಡಿತರೂ ತಲೆಬಾಗಬೇಕು. “ಪರೀಕ್ಷಕರು ಬಂದು ಹೋಗಲಿ. ಮಗ್ ಬಘೂ, ಆಮೇಲೆ ನೋಡೋಣ.”

ಆ ‘ಆಮೇಲೆ’ಗೆ ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಒಂಬತ್ತನೆಯ ತರಗತಿಯ ದೀಕ್ಷಿತಾ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ಗುಟುಕು ನೀರು ಮುಟ್ಟದೆ ಕೂರುವ ವಿದ್ಯೆ ಕಲಿತಳು. ರಾಜಸ್ಥಾನದ ಒಂಟೆಗಳು ಬಂದು ಅವಳ ಬಳಿ ಶಿಷ್ಯವೃತ್ತಿ ಮಾಡಬೇಕು, ಹಾಗೆ. ಎದುರಿಗೇ ಅಪ್ಪನ ಹೋಟೆಲಿತ್ತು, ಆದರೆ ಶಾಲೆ ಬಿಡುವ ಮುಂಚೆ ಗೇಟು ದಾಟಬಾರದೆಂಬುದು ಒಂಬತ್ತನೆಯ ಜವಾಬ್ದಾರಿ. ಎರಡು ಸಲ ಉರಿಮೂತ್ರವಾಗಿ ಡಾಕ್ಟರ ಬಳಿ ಹೋಗಿ ಬಂದಳು. ಅಪ್ಪ ಅದನ್ನು ಬೀದಿಬದಿಯ ಪಾನಿಪುರಿಯ ಲೆಕ್ಕಕ್ಕೆ ಬರೆದುಕೊಂಡ. ಎರಡನೆಯ ಸಲದ ಮಾತ್ರೆ ಮುಗಿದ ದಿನ ಅವಳು ಸೀಮೆಸುಣ್ಣ ತಗೊಂಡು ಹೋಗಿ ಮೂರನೆಯ ಹಕ್ಕಿನ ಕೆಳಗೆ ದಪ್ಪಕ್ಷರದಲ್ಲಿ ಬರೆದಳು: “ಚಾವಿ ಕುಠೇ ಆಹೇ?” ಚಾವಿ ಎಲ್ಲಿದೆ?

ಭೂಕಂಪವಾಯಿತು. ಶನಿವಾರ ಪರೀಕ್ಷಕರ ಎದುರು ವೇದಿಕೆಯ ಮೇಲೆ ಕ್ಷಮಾಪಣೆ ಪತ್ರ ಓದಬೇಕು, ಇಲ್ಲವಾದರೆ ಕೈಗೆ ಟಿ.ಸಿ. ಎಂದು ತೀರ್ಪಾಯಿತು.

“ಕೇಳಿಬಿಡು ಮಾರಾಯ್ತಿ. ಕ್ಷಮೆ ಕೇಳಿದ್ರೆ ಬಾಯಿಂದ ಮುತ್ತು ಉದುರ್ತದಾ?” ಎಂದ ಅಪ್ಪ ಸದಾನಂದ. ಕುಂದಾಪುರದ ಕಡೆಯವನು, ಇಪ್ಪತ್ತೆಂಟು ವರ್ಷದಿಂದ ನಾಸಿಕಕ್ಕೆ ಇಡ್ಲಿ ತಿನ್ನಿಸುತ್ತಿರುವವನು.

“ಪಪ್ಪಾ, ಮಾಝಂ ಕಾಯ್ ಚುಕಲಂ? ನನ್ದೇನು ತಪ್ಪು? ನಾನು ಚಾವಿ ಎಲ್ಲಿ ಅಂತ ಕೇಳ್ದೆ, ಅಷ್ಟೇ.”

“ನಮ್ಮದು ಹೋಟ್ಲು. ಯಾರಿಗೂ ‘ಇಲ್ಲ’ ಅಂತ ಹೇಳ್ಲಿಕ್ಕಿಲ್ಲ.”

“ಮತ್ತೆ ಇಡ್ಲಿ ಖಾಲಿ ಆದ್ರೆ ಏನ್ ಹೇಳ್ತೀರಿ?”

“ಐದು ನಿಮಿಷ ಅಂತೇವೆ.”

“ಐದು ನಿಮಿಷ ಆದ್ಮೇಲೆ?”

“ಬುದ್ಧಿ ಇದ್ದ ಗಿರಾಕಿ ಉಪ್ಪಿಟ್ಟು ತಗೊಳ್ತಾನೆ.”

ಸದಾನಂದನಿಗೆ ಇನ್ನೊಂದು ವ್ರತವಿತ್ತು. ಗಿರಾಕಿ ಮೇಜಿನ ಮೇಲೆ ಏನೇ ಮರೆತರೂ ಅದು ಗಣಪತಿ ಫೋಟೊದ ಹಿಂದಿನ ಹಲಗೆಗೆ ಹೋಗುತ್ತಿತ್ತು. ವಸ್ತು ಯಾರದೋ ಅವರೇ ಬಂದು ವಹಿಯಲ್ಲಿ ಹೆಸರು ಬರೆದು ಸಹಿ ಹಾಕಬೇಕು. ಗಂಡನ ಕನ್ನಡಕ ಕೇಳಲು ಬಂದ ಹೆಂಡತಿಯರನ್ನು ಅವನು ಬರಿಗೈಯಲ್ಲಿ ಕಳಿಸಿದ್ದಾನೆ. ಯಾರದೋ ಹಲ್ಲಿನ ಸೆಟ್ಟು ಹನ್ನೊಂದು ವರ್ಷದಿಂದ ಅಲ್ಲಿ ಕೂತು ನಗುತ್ತಿತ್ತು.

ಶನಿವಾರ ಬಂತು. ಪರೀಕ್ಷಕ ಬಾಯಿ (ಮರಾಠಿಯಲ್ಲಿ ಮೇಡಮ್ಮನವರನ್ನು ಹಾಗೇ ಕರೆಯುವುದು) ಛತ್ರಪತಿ ಸಂಭಾಜಿನಗರದಿಂದ ಜೀಪಿನಲ್ಲಿ ಹೊರಟವರು, ಗಂಗಾಪುರದ ಬಳಿ ಎರಡು ಲೋಟ ಕಬ್ಬಿನ ಹಾಲು, ಮುಂದೆ ಮೂರು ಕಡೆ ಚಹಾ ಕುಡಿದು, ರಸ್ತೆಯ ಎಂಟುನೂರು ಗುಂಡಿಗಳನ್ನು ಒಂದೊಂದಾಗಿ ಎಣಿಸುತ್ತ ನಾಲ್ಕೂವರೆ ಗಂಟೆಯಲ್ಲಿ ತಲುಪಿದರು. ವೇದಿಕೆಯ ಮೇಲೆ ದೀಕ್ಷಿತಾ ಪತ್ರ ಹಿಡಿದು ನಿಂತಿದ್ದಳು. ಕೈ ಬೆವರಿ ಅಕ್ಷರಗಳು ಕದಡುತ್ತಿದ್ದವು. ಬಾಯಿ ಅವಳನ್ನೂ ನೋಡಲಿಲ್ಲ, ಫಲಕವನ್ನೂ ನೋಡಲಿಲ್ಲ.

“ಸರ್, ಮೊದಲು ಶೌಚಾಲಯ ತೋರಿಸಿ.”

ಸರ್ ಮುಖ ಅರಳಿತು. “ಬನ್ನಿ, ಬನ್ನಿ! ಅದೇ ನಮ್ಮ ಹೆಮ್ಮೆ!” ಎಂದು ಜೇಬಿಗೆ ಕೈ ಹಾಕಿದರು. ಇನ್ನೊಂದು ಜೇಬಿಗೆ ಹಾಕಿದರು. ಇಲ್ಲದ ಜೇಬುಗಳನ್ನೂ ತಡವಿದರು. ಬೆಳಿಗ್ಗೆ ಸಂಭ್ರಮದಲ್ಲಿ ಸದಾನಂದನ ಹೋಟೆಲಿನಲ್ಲಿ ಮೂರು ಪ್ಲೇಟು ಇಡ್ಲಿ ತಿಂದು, ಚಾವಿಯನ್ನು ಕರವಸ್ತ್ರದಿಂದ ಫಳಫಳ ಉಜ್ಜಿ, ಮೇಜಿನ ಮೇಲಿಟ್ಟದ್ದು ನೆನಪಾಯಿತು. ಶಿಕ್ಷಕರ ಶೌಚಾಲಯ ತೋರಿಸೋಣವೆಂದರೆ ಅದರ ನೀರಿನ ಪೈಪನ್ನು ಕಿತ್ತು ಫಲಕದ ಮುಂದಿನ ಹೊಸ ಕಾರಂಜಿಗೆ ಜೋಡಿಸಲಾಗಿತ್ತು. ಕಾರಂಜಿ ಸುಂಯ್ ಎಂದು ಚಿಮ್ಮುತ್ತಿತ್ತು. ಬಾಯಿ ಆ ಕಡೆ ನೋಡದಿರಲು ಶತಪ್ರಯತ್ನ ಮಾಡುತ್ತಿದ್ದರು.

ಕಲಬುರಗಿ ಕಡೆಯ ಜವಾನ ಯಲ್ಲಾಲಿಂಗ ಹೋಟೆಲಿಗೆ ಓಡಿದ. ಓಡಿದಷ್ಟೇ ಜೋರಾಗಿ ಬರಿಗೈಯಲ್ಲಿ ಬಂದ. ಸರ್‌ಗೆ ಮರಾಠಿಯಲ್ಲಿ ವರದಿ ಒಪ್ಪಿಸಿ, ವೇದಿಕೆಯ ಬಳಿ ಬಂದು ದೀಕ್ಷಿತಾಳಿಗೆ ಪಿಸುಗುಟ್ಟಿದ: “ನಿಮ್ಮಪ್ಪ ಕೊಡವಲ್ಲನಬೇ! ಯಾರದು ಅದನೋ ಅವರೇ ಬರಬೇಕಂತ. ಏನ್ ಮನಷಾ ಅವ್ವಾ!”

ಸರ್ ಫೋನು ಮಾಡಿದರು. ಬಾಯಿ ತಾವೇ ಕೈ ಚಾಚಿ ಸ್ಪೀಕರ್ ಒತ್ತಿದರು. ದೋಸೆಯ ಚುಂಯ್ ಸದ್ದಿನ ನಡುವೆ ಸದಾನಂದನ ಮರಾಠಿ ಮೈದಾನಕ್ಕೆಲ್ಲ ಕೇಳಿಸಿತು. “ಚಾವಿ ಭದ್ರ ಉಂಟು ಸರ್. ಯಾರದ್ದು ಅಂತ ವಹಿಯಲ್ಲಿ ಬರೀಬೇಕಲ್ಲ?”

“ಅರೇ, ನನ್ನದೇ!”

“ಯಾವುದರ ಚಾವಿ ಸರ್?”

ಸರ್ ದನಿ ಇಳಿಯಿತು. “ಹುಡುಗಿಯರ ಶೌಚಾಲಯದ್ದು.”

“ಹುಡುಗಿಯರದ್ದು ನಿಮ್ಮದು ಹ್ಯಾಗಾಗ್ತದೆ ಸರ್?” ಸದಾನಂದನ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಅವನಿಗೆ ವಹಿಯದಷ್ಟೇ ಚಿಂತೆ.

ಬಾಯಿ ಒಂದು ಕಾಲಿನ ಮೇಲೆ ನಿಂತಿದ್ದರು. “ಅಹೋ, ಚಾವಿ ಯಾರದು? ಬೇಗ ಹೇಳಿ!”

“ಮುಲೀಂಚೀ!” ಸರ್ ಕಿರುಚಿದರು. “ಹುಡುಗಿಯರದು! ಹುಡುಗಿಯರದೇ!”

“ಹಾಗೆ ಹೇಳಿ ಮತ್ತೆ. ಒಬ್ಬಳು ಹುಡುಗಿಯನ್ನು ಕಳಿಸಿ.”

ಆ ಮಾತು ಮುಗಿಯುವಷ್ಟರಲ್ಲಿ ದೀಕ್ಷಿತಾ ವೇದಿಕೆಯಿಂದ ಹಾರಿ, ಗೇಟು ದಾಟಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಿಂತಿದ್ದಳು. ಒಂಬತ್ತನೆಯ ಜವಾಬ್ದಾರಿ ಅವಳ ಹಿಂದೆ ಧೂಳಾಗಿ ಬಿದ್ದಿತ್ತು.

“ಹೆಸರು?” ಎಂದ ಸದಾನಂದ, ವಹಿ ತೆರೆದು.

“ಪಪ್ಪಾ!”

“ನಿಯಮ ಅಂದ್ರೆ ನಿಯಮ. ಬರಿ.”

ಅವಳು ಮಾಲೀಕರ ಹೆಸರಿನ ಕಡೆ ಬರೆದಳು: ‘ಶಾಲೆಯ ಎಲ್ಲ ಹುಡುಗಿಯರು’. ಸದಾನಂದ ಅದನ್ನು ಎರಡು ಸಲ ಓದಿದ. “ಎಲ್ಲರೂ ಅಂದ್ರೆ? ಯಾರಿಗೂ ತೆಗೆದುಕೊಟ್ಟಿಲ್ವಾ ಇಷ್ಟು ದಿನ?”

“ನಾಲ್ಕು ತಿಂಗ್ಳಿಂದ. ಹೇಳಿದ್ನಲ್ಲ.”

ಅವನು ವಹಿ ಮುಚ್ಚಿದ. “ಹಾಗಾದ್ರೆ ಆ ಡಾಕ್ಟ್ರು, ಮಾತ್ರೆ… ಅದು ಪಾನಿಪುರಿ ಅಲ್ವಾ?”

ಅವಳು ಚಾವಿಗೆ ಕೈ ಚಾಚಿದಳು. ಸದಾನಂದ ಚಾವಿಯ ಜೊತೆ ಒಂದು ದೊಡ್ಡ ಲೋಟ ನೀರು ಮುಂದಿಟ್ಟ. “ಕುಡಿದು ಹೋಗು. ಆ ಬಾಯಿ ಒಂದು ನಿಮಿಷ ಕಾಯ್ಲಿ.”

ಬೀಗ ತೆರೆದ ಸದ್ದು ಸರ್ ಅವರ ಊರು ಸಟಾಣಾದವರೆಗೂ ಕೇಳಿಸಿತಂತೆ. ಬಾಯಿ ಬಾಣದಂತೆ ಒಳಗೆ ಹೋಗಿ, ಬುದ್ಧನಂತೆ ಹೊರಗೆ ಬಂದರು. ಬಂದವರೇ ದೀಕ್ಷಿತಾಳ ಕೈಯಲ್ಲಿದ್ದ ಚಾವಿಯನ್ನು ನೋಡಿ, “ಚಾವಿ ಹುಡುಗಿಯರದೇ ಎಂದು ಮುಖ್ಯಾಧ್ಯಾಪಕರೇ ಸಾರಿ ಹೇಳುವ ಶಾಲೆಯನ್ನು ನಾನು ಎಲ್ಲೂ ಕಂಡಿಲ್ಲ” ಎಂದು ಹತ್ತಕ್ಕೆ ಹತ್ತು ಅಂಕ ಬರೆದರು.

“ನನ್ನದೇ ಕಲ್ಪನೆ” ಎಂದರು ಸರ್, ನೆಲ ನೋಡುತ್ತ.

ಬಹುಮಾನ ಬಂತು. ವರದಿಯಲ್ಲಿ ಅಚ್ಚಾದದ್ದನ್ನು ಅಳಿಸುವಂತಿರಲಿಲ್ಲ, ಚಾವಿ ಹುಡುಗಿಯರಲ್ಲೇ ಉಳಿಯಿತು. ಫಲಕಕ್ಕೆ ಒಂದು ಸಾಲು ಸೇರಿತು: ‘ಚಾವಿ ವಿದ್ಯಾರ್ಥಿನಿಯರ ಬಳಿಯೇ ಇರತಕ್ಕದ್ದು’. ಸೇರಿದ್ದು ಬಲಗಡೆ, ನಲವತ್ತೆರಡನೆಯ ಜವಾಬ್ದಾರಿಯಾಗಿ. ಹಕ್ಕುಗಳು ಐದೇ ಉಳಿದವು.

ಆ ಶನಿವಾರ ಕಳೆದ ಸೋಮವಾರವೇ ಸರ್ ಕಾರಿಡಾರಿನಲ್ಲಿ ದೀಕ್ಷಿತಾಳನ್ನು ತಡೆದರು. ಅವಳು ಬಾಟಲಿ ಎತ್ತಿ ಗಟಗಟನೆ ನೀರು ಕುಡಿಯುತ್ತಿದ್ದಳು.

“ಕ್ಷಮಾಪಣೆ ಪತ್ರ ಓದುವುದು ಬಾಕಿ ಇದೆ. ಎಲ್ಲಿ ಅದು?”

ದೀಕ್ಷಿತಾ ತುಟಿ ಒರೆಸಿಕೊಂಡಳು. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳಿಗೆ ತೋರಿಸುವ ನಗುವನ್ನು ಹಾಗೇ ಮುಖಕ್ಕೆ ತಂದುಕೊಂಡು, ಬಹಳ ವಿನಯದಿಂದ ಹೇಳಿದಳು: “ಐದು ನಿಮಿಷ, ಸರ್.”

ಎರಡು ತಿಂಗಳಾಯಿತು. ಖೈರನಾರ್ ಸರ್ ಇನ್ನೂ ಕಾಯುತ್ತಿದ್ದಾರೆ. ಸಟಾಣಾದ ಮನುಷ್ಯ, ಅಂಥ ಹೊತ್ತಿನಲ್ಲಿ ಉಪ್ಪಿಟ್ಟು ತಗೊಳ್ಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.