ಭಾಗಪ್ಪನ ಕ್ಯಾಸೆಟ್ಟಿನ ಉಳಿದ ಭಾಗ

ಅಣ್ಣ ಭಾಗಪ್ಪನಿಗೆ ನೌಕೆಯ ಮೇಲೆ ನೌಕರಿ. ದಕ್ಷಿಣದ ಹಿಮಗಡಲಿಗೆ ಹೋದ ಸಂಶೋಧನಾ ಹಡಗಿನಲ್ಲಿ ನೀರೊಳಗಿನ ಸದ್ದು ಕೇಳುವುದು ಅವನ ಕೆಲಸ. ನಮ್ಮೂರು ಕಮಲಾಪುರದ ಸಂತೆಯಲ್ಲಿ ಜನ ನನ್ನನ್ನು ನಿಲ್ಲಿಸಿ, “ಕಿವಿಗೂ ಪಗಾರ ಕೊಡ್ತಾರೇನ್ರೀ?” ಎಂದು ಕೇಳುತ್ತಿದ್ದರು. ಬಾಯಿಗೆ ಕೊಡುವಾಗ ಕಿವಿಗೆ ಯಾಕೆ ಕೊಡಬಾರದು ಎನ್ನುತ್ತಿದ್ದೆ. ನಾನು, ಕಾಶಿರಾಯ, ಕಲಬುರಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವನು.

ನಮ್ಮವ್ವ ಮಲ್ಕಮ್ಮನಿಗೆ ಓದು ಬಾರದು. ಹೀಗಾಗಿ ಅಣ್ಣ ಕಾಗದ ಬರೆಯುತ್ತಿರಲಿಲ್ಲ, ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದ. ಆ ಸಲ ಬೇಗ ಮರಳಿದ ಇನ್ನೊಂದು ಹಡಗಿನವರ ಮೂಲಕ ಕ್ಯಾಸೆಟ್ಟು ಕಲಬುರಗಿಯ ಖೂಬಾ ಪ್ಲಾಟಿನ ನನ್ನ ಬಾಡಿಗೆ ಮನೆಗೆ ಬಂತು. ಭಾನುವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಅವ್ವ ಕೈ ತೊಳೆದುಕೊಂಡು ಟೇಪಿನ ಮುಂದೆ ಕುಳಿತಳು.

“ಅವ್ವಾ, ನಾ ತಣ್ಣಗ ಅದೀನಿ. ಸುತ್ತಮುತ್ತ ಎಲ್ಲಾ ತಣ್ಣಗೇ ಅದ, ಬ್ಯಾರೆ ದಾರಿನೇ ಇಲ್ಲ.”

“ದನಿ ಯಾಕ ಒಡದದೋ ನಿಂದು?” ಅವ್ವ ಟೇಪನ್ನೇ ಕೇಳಿದಳು.

“ಗಂಟಲ ಜರಾ ಕೆಟ್ಟದ,” ಎಂದಿತು ಟೇಪು, ಅವಳ ಮಾತು ಕೇಳಿಸಿಕೊಂಡಂತೆ. “ಐಸ್‌ಕ್ರೀಮಿನ ಊರಿಗೆ ಬಂದು ತಿನ್ನದ ಇರ್ಲಾಕ ಆಗ್ತದೇನು? ನಮ್ಮ ಕೆಲಸ ಕೇಳು. ಬರ್ಫಿನಾಗ ತೂತು ಕೊರದು ನೀರಿಗೆ ಮೈಕ್ ಇಳಿಬಿಡ್ತೀವಿ. ದೂರ ಹಡಗಿನಿಂದ ಠಕ್ ಅಂತ ಒಂದು ಸದ್ದು ಬಿಡ್ತಾರ. ನೀರು ಬೆಚ್ಚಗಿದ್ರ ಸದ್ದು ಓಡಿ ಬರ್ತದ. ತಣ್ಣಗಿದ್ರ ಕಾಲೆಳಕೋತ ಬರ್ತದ, ನಮ್ಮ ಕಾಶಿರಾಯ ಸಾಲಿಗೆ ಹೋಗ್ತಿದ್ದನಲ್ಲ, ಹಂಗ. ಎಷ್ಟು ತಡ ಮಾಡ್ತು ಅಂತ ನೋಡಿದ್ರ ತಳದಾಗಿನ ತಂಪು ಗೊತ್ತಾಗ್ತದ. ನೀರಿನ ಸದ್ದು, ನಮ್ಮ ಮಾತು, ಎರಡೂ ಟೇಪಿನಾಗ ಬೀಳ್ತಾವ. ನಾಳಿ ಮತ್ತ ಅದೇ ಜಾಗಾಕ್ಕ ಹೋಗ್ಬೇಕು. ಹೆದರೂದು ಏನೂ ಇಲ್ಲ, ಕೋಟೆ ಒಳಗ ಕುಂತಂಗ.”

ಖಟ್ ಎಂದು ಮಾತು ನಿಂತಿತು. ಟೇಪು ಮಾತ್ರ ತಿರುಗುತ್ತಲೇ ಇತ್ತು.

ಠಕ್. ಸ್ವಲ್ಪ ಬಿಟ್ಟು ಮತ್ತೆ ಠಕ್. ನಡುನಡುವೆ ಮೇಲಿಂದ ಕೆಳಕ್ಕೆ ಜಾರುವ ಉದ್ದನೆಯ ಸಿಳ್ಳು. ಸೀಲ್ ಎಂಬ ದೊಡ್ಡ ಕಡಲಪ್ರಾಣಿ ಹೀಗೆ ಕೂಗುತ್ತದೆ ಎಂದು ಅಣ್ಣ ಹೋದ ವರ್ಷ ಹೇಳಿದ್ದ. ನನ್ನ ಬಾಯಿ ಸುಮ್ಮನಿರಬೇಕಲ್ಲ. ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಬಸ್ಸಿನ ಹಾರ್ನಿನವರೆಗೆ ಎಲ್ಲವನ್ನೂ ಅಣಕಿಸಿದ ಬಾಯಿ ಅದು. ಸಿಳ್ಳಿಗೆ ಸಿಳ್ಳು ಕೊಟ್ಟೆ. ಅವ್ವ ನಕ್ಕು, “ಎರಡೂ ಒಂದೇ ಜಾತಿಯವು,” ಎಂದಳು.

ಅಷ್ಟರಲ್ಲಿ ಟೇಪಿನೊಳಗೆ ಏನೋ ಸೀಳಿತು. ಶಹಾಬಾದಿನ ಗಣಿಯಲ್ಲಿ ದೊಡ್ಡ ಫರಸಿ ಕಲ್ಲು ಬಿರಿದಂತೆ, ಆದರೆ ಬಿರಿಯುತ್ತ ಬಿರಿಯುತ್ತ ನಮ್ಮ ಕಡೆಗೇ ಬಂದಂತೆ. ಹಗ್ಗ ಬಿಡು ಎಂದು ಯಾರೋ ಹಿಂದಿಯಲ್ಲಿ ಕಿರುಚಿದರು: “ಭಾಗಪ್ಪ, ರಸ್ಸೀ ಛೋಡ್! ಛೋಡ್ ರಸ್ಸೀ!” ಓಡುವ ಕಾಲುಗಳು. ಮುಳುಗುವ ಕೊಡದ ಗುಳುಗುಳು. ಅದರ ನಡುವೆ, ಒಡೆಯದ, ಚಿಕ್ಕಂದಿನ ದನಿಯಲ್ಲಿ ಅಣ್ಣ “ಅವ್ವಾ” ಎಂದ.

ಟೇಪು ಮುಗಿಯಿತು.

ಅವ್ವ ಟೇಪಿನ ಮೇಲೆ ಕೈಯಿಟ್ಟು ಹೇಳಿದಳು: “ನನ್ನ ಕರದಾನ.”

“ಅದು ಬ್ಯಾರೆ ಯಾರದೋ ದನಿ ಇರಬಹುದು.”

“ನನಗ ಹೇಳ್ತೀಯಾ?”

ಬಿದ್ದಿದ್ದರೆ ಟೇಪು ಹೇಗೆ ಬರುತ್ತಿತ್ತು ಎಂದು ತರ್ಕ ಹೂಡಿದೆ. ಯಂತ್ರ ಬರ್ಫಿನ ಮೇಲೆ ಉಳಿದಿರಬಹುದು, ಅವನು ಉಳಿದಿರಲಿಕ್ಕಿಲ್ಲ ಎಂದು ಒಳಗಿನಿಂದ ಇನ್ನೊಬ್ಬ ಮೇಷ್ಟ್ರು ಉತ್ತರ ಕೊಟ್ಟ. ಅವನ ಸಾಮಾನು ಕಟ್ಟುವಾಗ ಯಾರೋ ವಿಳಾಸ ನೋಡಿ ಕಳಿಸಿರಬಹುದು. ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅವ್ವ ನನ್ನ ಮುಖದಲ್ಲೇ ಓದಿಕೊಂಡಳು. ಅಕ್ಷರ ಬಾರದಿದ್ದರೂ ಆ ಓದು ಅವಳಿಗೆ ಬರುತ್ತಿತ್ತು.

ಭಾನುವಾರ ಹಡಗಿನ ಕಚೇರಿಗೆ ರಜೆ. ಮರುದಿನ ಅಲ್ಲಿಗೆ ಫೋನು ಮಾಡಲು ಮೊದಲ ಬಸ್ಸಿಗೇ ಕಲಬುರಗಿಗೆ ಹೊರಟೆವು. ಅವ್ವ ಮುಂದಿನ ಸೀಟಿನ ಕಂಬಿ ಹಿಡಿದವಳು ದಾರಿಯುದ್ದಕ್ಕೂ ಬಿಡಲಿಲ್ಲ. ಬಸ್ಸಿನ ಕಿಟಕಿಯ ಗಾಜು ಗಡಗಡ ಅಂದಾಗಲೆಲ್ಲ ನನಗೆ ಆ ಬರ್ಫ ಬಿರಿದ ಸದ್ದೇ ಕೇಳಿಸುತ್ತಿತ್ತು.

ಮನೆ ಹತ್ತಿರ ಬುರ್ಹಾನುದ್ದೀನರ ಎಸ್ಟಿಡಿ ಅಂಗಡಿ. ನಂಬರು ತಿರುಗಿಸಿದೆ, ಲೈನು ಸಿಗಲಿಲ್ಲ. ಮತ್ತೆ ತಿರುಗಿಸಿದೆ, ಎಂಗೇಜು. “ಕೂಡ್ರಿ ಅಮ್ಮಾ, ಸೋಮವಾರ ಲೈನ್ ಭಾರೀ ನಖರಾ ಮಾಡ್ತದ,” ಎಂದು ಅವರು ಅವ್ವನಿಗೆ ಸ್ಟೂಲು ಕೊಟ್ಟರು. ಅವರ ಟೇಪಿನಲ್ಲಿ ಕವ್ವಾಲಿ ಜೋರಾಗಿ ಏರುತ್ತಿತ್ತು. ಏರಿ ಏರಿ ತುದಿಗೆ ಬಂದು ಖಟ್ ಎಂದು ನಿಂತಿತು. ಮರುಕ್ಷಣ ಹುಡುಗಿಯೊಬ್ಬಳು ಕೀರಲು ದನಿಯಲ್ಲಿ “ಸಾತ್ ಅಟ್ಠೇ ಛಪ್ಪನ್, ಸಾತ್ ನವ್ವೇ...” ಎಂದು ಮಗ್ಗಿ ಒಪ್ಪಿಸತೊಡಗಿದಳು.

ಬುರ್ಹಾನುದ್ದೀನರು ನಾಚಿಕೊಂಡು ಟೇಪು ಬಂದ್ ಮಾಡಿದರು. “ನಮ್ಮ ಮಗಳು ಗುಲ್ಶನ್ ರೀ. ಮೂರನೇ ಕ್ಲಾಸಿನ್ಯಾಗ ಇದ್ದಾಗಿನ ಟೇಪು, ಈಗ ಆಕೀಗೇ ಎರಡು ಮಕ್ಳು. ಅದರ ಮ್ಯಾಲೇ ಕವ್ವಾಲಿ ತುಂಬ್ಸೀನಿ. ಕವ್ವಾಲಿ ಸಣ್ಣದಾತು, ಹಿಂದಿಂದು ಹಂಗೇ ಉಳೀತು.”

ರಿಸೀವರು ನನ್ನ ಕೈಯಲ್ಲೇ ಇತ್ತು. ನಮ್ಮ ಮನೆಯಲ್ಲೂ ಹೊಸ ಕ್ಯಾಸೆಟ್ ಕೊಂಡವರಿಲ್ಲ, ಹಳೆಯದರ ಮೇಲೇ ತುಂಬಿದವರು. ಅಣ್ಣನೂ ಅದೇ ಮನೆಯವನು. ಕೆಲಸದಲ್ಲಿ ಬಳಸಿ ಬಿಟ್ಟ ಟೇಪಿನ ಮೇಲೆ ಪತ್ರ ತುಂಬಿದ್ದಾನೆ.

“ಅವ್ವಾ,” ಎಂದೆ, “ಆಮ್ಯಾಲ ಕೇಳಿಸಿದ್ದು ಮೊದಲಿಂದು. ಬರ್ಫ ಒಡದ ಮ್ಯಾಲ ಅವ ನಿನ್ನ ಜೋಡಿ ಮಾತಾಡ್ಯಾನ. ಅಂದ್ರ ಎದ್ದು ಬಂದಾನ.”

ಅವ್ವ ಕಣ್ಣು ಮುಚ್ಚಿ ತೆರೆದಳು. ಅವಳ ನಗುವಿಗಾಗಿ ಕಾದೆ. ಬರಲಿಲ್ಲ.

“ನೀರಾಗ ಬಿದ್ದು ಎದ್ದು ಬಂದು ನನಗ ಐಸ್‌ಕ್ರೀಮಿನ ಕಥಿ ಹೇಳ್ಯಾನ.”

“ಜೀವ ಉಳದದಲ್ಲ.”

“ಅವತ್ತು ಉಳದದ. ನಾಳಿ ಮತ್ತ ಅದೇ ಜಾಗಾಕ್ಕ ಹೋಗ್ತೀನಿ ಅಂದಾನ, ಕೇಳಿಲ್ಲೇನು?”

ಕೇಳಿದ್ದೆ. ಒಂದು ಗಳಿಗೆಯ ಹಿಂದೆ ಇಳಿದಿದ್ದ ಭಯ ಬೆನ್ನ ಮೇಲೆ ಮತ್ತೆ ಹತ್ತಿ ಕುಳಿತಿತು. ಆ ನಾಳೆ ಯಾವ ಟೇಪಿನಲ್ಲೂ ಇರಲಿಲ್ಲ.

ಮೂರನೇ ಸಲಕ್ಕೆ ಲೈನು ಹತ್ತಿತು. ಕಚೇರಿಯವನೊಬ್ಬ ಅವಸರದ ಹಿಂದಿಯಲ್ಲಿ ಹೇಳಿದ: ಇವತ್ತು ಬೆಳಿಗ್ಗೆ ಹಡಗಿನಿಂದ ರೇಡಿಯೋ ಸಂದೇಶ ಬಂದಿದೆ, ಎಲ್ಲರೂ ಕ್ಷೇಮ. ರಿಸೀವರಿಗೆ ಕೈ ಅಡ್ಡ ಹಿಡಿದು ಅವ್ವನಿಗೆ ಅದನ್ನೇ ಹೇಳಿದೆ.

“ಯಾರು ಹೇಳಿ ಕಳಿಸ್ಯಾರ? ಕೇಳು.”

ಕೇಳಿದೆ. ರೇಡಿಯೋದವನಿಗೆ ಜ್ವರವಂತೆ. ಅವನ ಬದಲು ಮಾತಾಡಿದವನು ಭಾಗಪ್ಪನೇ.

“ಅವನೇ ಅಂತ, ಅವ್ವಾ. ಖುದ್ದ ಮಾತಾಡ್ಯಾನ.”

ಬುರ್ಹಾನುದ್ದೀನರು, “ಅಲ್ಲಾಹ್ ಕಾ ಶುಕ್ರ್ ಹೈ,” ಎಂದು ಗಲ್ಲ ಸವರಿಕೊಂಡರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಆದರೆ ಸ್ಟೂಲಿನಿಂದ ಏಳಲಿಲ್ಲ.

“ಜೀವಂತ ಅದಾನ, ಅಷ್ಟು ಖರೆ,” ಎಂದಳು. “ಕ್ಷೇಮ ಅದಾನ ಅಂಬೂದು ಅವನ ಮಾತು. ಅದನ್ನ ನಾ ನಂಬಂಗಿಲ್ಲ. ಅವನ ಜೋಡಿ ಇದ್ದವ ಯಾರೋ ಇದ್ದನಲ್ಲ, ರಸ್ಸೀ ಬಿಡು ಅಂತ ಒದರಿದಂವ, ಅವನ ಕಡಿಂದ ಕೇಳಿಸ್ಲಾಕ ಹೇಳು. ಬರ್ಫಿನ ನೀರಾಗ ಬಿದ್ದಂವ, ಕೈಕಾಲಿನ ಬೆರಳು ಎಲ್ಲಾ ಅದಾವೇನಂತ.”

ಅಷ್ಟರಲ್ಲಿ ಅತ್ತ ಕಡೆಯವನು ಫೋನು ಇಟ್ಟಿದ್ದ. ನಾನು ಮತ್ತೆ ನಂಬರು ತಿರುಗಿಸತೊಡಗಿದೆ.