ಸ್ವಿಚ್ಚಿಲ್ಲದ ಕೆಂಪು ಪ್ಲಗ್ಗು

ದೀಪ ಹೋಯಿತು, ಬಂತು, ಅಷ್ಟರಲ್ಲಿ ಇವನು ನೋಡಿದ್ದು ಹಾಸಿಗೆಯ ಮೇಲಿನ ಅಣ್ಣನನ್ನಲ್ಲ, ಬಾಗಿಲ ಮೇಲಿನ ತುರ್ತು ದೀಪವನ್ನು — ಹೊತ್ತಿಕೊಂಡಿತಲ್ಲ, ಸರಿ, ನಮ್ಮ ವೈರಿಂಗ್ ಸರಿಯಾಗಿದೆ ಎಂದುಕೊಂಡ, ಆಮೇಲೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಏನೂ ಆಗುತ್ತಿಲ್ಲ, ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯಂತೆ ಎದೆ ಮರಗಟ್ಟಿದೆ, ಉಸಿರಿನ ಯಂತ್ರ ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ಅಣ್ಣನ ಎದೆಯನ್ನು ಏರಿಸುತ್ತಿದೆ, ಇಳಿಸುತ್ತಿದೆ, ಮಂಚದ ಹಿಂದೆ ಗೋಡೆಯಲ್ಲಿ ಕೆಂಪು ಪ್ಲಗ್ಗು, ಈ ವಾರ್ಡಿಗೆ ವೈರು ಎಳೆದವರು ಇವರಿಬ್ಬರೇ, ಅಣ್ಣ ಏಣಿಯ ಮೇಲೆ, ಇವನು ಕೆಳಗೆ — ಏಣಿ, ಮೊನ್ನೆ ಅಣ್ಣ ಬಿದ್ದದ್ದೂ ಏಣಿಯಿಂದಲೇ — ತುರ್ತು ದೀಪದ ವೈರನ್ನು ಮಾಮೂಲಿ ವೈರಿನ ಪೈಪಿಗೇ ತುರುಕಲು ಹೋದಾಗ ಅಣ್ಣ ಮೇಲಿಂದಲೇ ಗದರಿದ್ದ, ಅದಕ್ಕೆ ಬೇರೆ ಪೈಪು ಕಣೋ, ಅತ್ತೆ ಸೊಸೆ ಇದ್ದ ಹಾಗೆ, ಒಟ್ಟಿಗೆ ಇಟ್ರೆ ಒಂದು ಹೊತ್ಕೊಂಡಾಗ ಇನ್ನೊಂದೂ ಉರಿಯುತ್ತೆ, ಊಟ ತಂದಿದ್ದ ಅತ್ತಿಗೆ ಅದನ್ನು ಕೇಳಿಸಿಕೊಂಡು, ಮನೆಗೆ ಬನ್ನಿ, ಬೇರೆ ಪೈಪು ತೋರಿಸ್ತೀನಿ ಅಂದಿದ್ದಳು, ಅದೇ ಅತ್ತಿಗೆ ಈಗ ಗೋಡೆಗೊರಗಿ ಕೂತಿದ್ದಾಳೆ, ನೀನೇ ಹೇಳಪ್ಪ ಡಾಕ್ಟರಿಗೆ, ನನ್ ಬಾಯಲ್ಲಿ ಬರಲ್ಲ ಅಂತಾಳೆ — ಮಿದುಳು ನಿಂತೇ ಹೋಗಿದೆ, ನೀವು ಹೂಂ ಅಂದ್ರೆ ಯಂತ್ರ ನಿಲ್ಲಿಸ್ತೀವಿ ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿ ಹೋಗಿ ಎಷ್ಟು ಹೊತ್ತಾಯಿತೋ, ಹೂಂ, ಎಷ್ಟು ಸಣ್ಣ ಮಾತು, ಇಕ್ಕಳ ಕೊಡೋ ಅಂದರೆ ಹೂಂ, ಉಂಡ್ಯೇನೋ ಅಂದರೆ ಹೂಂ, ಜನ್ಮವಿಡೀ ಅಣ್ಣನಿಗೆ ಹೂಂಗುಟ್ಟಿದ ಬಾಯಿಗೆ ಈಗ ಬೀಗ ಬಿದ್ದಿದೆ.

ಕಣ್ಣು ಯಂತ್ರದ ವೈರಿನ ಜಾಡು ಹಿಡಿದು ಹೋಗುತ್ತದೆ, ಅಭ್ಯಾಸಬಲ, ಮಂಚದ ಹಿಂದೆ, ಕೆಂಪು ಪ್ಲಗ್ಗಿಗೆ, ಊರೆಲ್ಲ ಕತ್ತಲಾದರೂ ಜನರೇಟರು ಸಾಯಗೊಡದ ಲೈನು, ಇದಕ್ಕೆ ಸ್ವಿಚ್ಚು ಬೇಡ ಎಂದದ್ದೂ ಅಣ್ಣನೇ, ಸ್ವಿಚ್ಚಿಲ್ಲದ ಪ್ಲಗ್ಗಾ ಎಂದು ಇವನು ನಕ್ಕಿದ್ದ, ನಗಬೇಡ, ಕಸ ಗುಡಿಸೋರ ಮೊಣಕೈ ತಾಗುತ್ತೆ, ಯಾರೋ ಫೋನು ಚಾರ್ಜಿಗೆ ಹಾಕೋಕೆ ಬರ್ತಾರೆ, ಇಲ್ಲಿ ಆರಿಸೋ ಕೆಲಸ ಯಾರ ಕೈಗೂ ಸಿಗಬಾರದು, ಹಾಗೆಂದು ತಾನೇ ಕೂತು ತಿರುಪು ಬಿಗಿದಿದ್ದ — ಏನಂದೆ, ಅತ್ತಿಗೆ ಕೇಳುತ್ತಾಳೆ, ಏನೂ ಅಂದಿಲ್ಲ, ಡಾಕ್ಟರಮ್ಮ ಮತ್ತೆ ಬಂದು ನಿಂತಿದ್ದಾರೆ, ಇವನ ತಲೆ ಆಡುತ್ತದೆ, ಹೂಂ ಅಂದಿರಬೇಕು, ಅತ್ತಿಗೆ ಅಂಗೈಯನ್ನು ಬಾಯಿಗೆ ಒತ್ತಿಕೊಂಡಳಲ್ಲ, ಅಂದೇಬಿಟ್ಟಿರಬೇಕು, ಡಾಕ್ಟರಮ್ಮ ಯಂತ್ರದ ಗುಂಡಿಗೆ ಕೈ ಹಾಕುತ್ತಾರೆ, ಇವನ ಹೆಬ್ಬೆರಳು ಮಾತ್ರ ಮಂಚದ ಹಿಂದೆ, ಕೆಂಪು ಪ್ಲಗ್ಗಿನ ಪಕ್ಕ, ಸ್ವಿಚ್ಚು ಇರಬೇಕಿದ್ದ ಜಾಗದಲ್ಲಿ ತಡಕಾಡುತ್ತಿದೆ, ಏನೂ ಸಿಗುತ್ತಿಲ್ಲ, ನುಣ್ಣಗೆ, ಅಣ್ಣ ಬಿಗಿದ ತಿರುಪು, ಮತ್ತೆ ನುಣ್ಣಗೆ, ಕೆಂಪು, ಸ್ವಿಚ್ಚಿಲ್ಲ, ಕೆಂಪು —